ದ್ಯಾವೀರಿಯ ನೆನೆಗಂಟು

ನಗಬೇಡ ಕೂಸೇ, ನಿನ್ನ ಜೊತೆ ನಗೋಕೂ ಇವತ್ತು ಶಕ್ತಿ ಇಲ್ಲ, ಸೊಂಟ ಬಿದ್ದುಹೋಗಿದೆ. ನಿಮ್ಮಪ್ಪನ ಫೋನು ಬೆಳಗಾದ್ರೆ ಕೂಗ್ಕೊಳ್ಳುತ್ತಲ್ಲ, ಮಾತ್ರೆ ನುಂಗು ಅಂತ ಒಂದ್ಸಲ, ಗ್ಯಾಸು ಹೇಳು ಅಂತ ಒಂದ್ಸಲ, ಅದಕ್ಕೆ ಅಜ್ಜಿ ನೆನೆಗಂಟು ಅಂತಾಳೆ ಅಂತ ಮನೆಮಂದಿಗೆಲ್ಲ ನಗು. ಫೋನಲ್ಲಿ ಗಂಟೆಲ್ಲಿದೆ ಅಂತ ನೀನು ಹುಡುಕ್ತೀಯ. ಫೋನು ನಿನ್ನೆ ಮೊನ್ನೆ ಬಂದಿದ್ದು, ಮಾತು ಹಳೇದು. ಅದು ಎಲ್ಲಿಂದ ಬಂತು ಅಂತ ಹೇಳ್ತೀನಿ, ಆ ಕಡೆ ತಿರುಗಿ ಮಲ್ಕೋ, ಬೆನ್ನು ತಟ್ತೀನಿ. ಹೂಂ ಅಂತಿರಬೇಕು ಮತ್ತೆ. ನಿನ್ನ ಹೂಂ ನಿಂತ್ರೆ ನಾನೂ ಮಲಗಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಜನಕ್ಕೆ ಮರೆವು ಈಗಿನಷ್ಟೇ ಇದ್ದು, ಬರೆದಿಟ್ಕೊಳ್ಳೋಕೆ ಮಾತ್ರ ಏನೂ ಇಲ್ಲದ ಕಾಲದಲ್ಲಿ, ಒಂದು ಹೊಳೆ, ಹೊಳೆ ಆಚೆ ಒಂದೂರು, ಈಚೆ ಒಂದೂರು. ಆಚೆ ಊರಲ್ಲಿ ಒಬ್ಬಳು ಅವ್ವ ಇದ್ದಳಂತೆ. ಅವಳಿಗೆ ಗಂಡ ತೀರಿಹೋಗಿದ್ದ, ಗಂಡುಮಕ್ಕಳಿರಲಿಲ್ಲ, ಇದ್ದಿದ್ದು ಒಬ್ಬಳೇ ಮಗಳು, ಹೆಸರು ದ್ಯಾವೀರಿ. ಆ ದ್ಯಾವೀರಿನ ಈಚೆ ಊರಿನ ಗಾಣದ ಮನೆಗೆ ಕೊಟ್ಟರು. ಗಾಣ ಗೊತ್ತಲ್ಲ, ಎತ್ತು ಸುತ್ತಾ ಇರುತ್ತೆ, ಎಳ್ಳು ಹಾಕಿದ್ರೆ ಎಳ್ಳೆಣ್ಣೆ, ಹರಳು ಹಾಕಿದ್ರೆ ಹರಳೆಣ್ಣೆ, ದಿನವೆಲ್ಲ ಕಿರ್ರೋ ಅಂತ ಅಳ್ತಾ ಇರುತ್ತೆ. ಆ ಮನೇಲಿ ಮೂರು ಜನ ಗಂಡುಮಕ್ಕಳು, ಮೂರನೆಯವನು ಹಂಪಣ್ಣ, ಅವನೇ ದ್ಯಾವೀರಿ ಗಂಡ. ಒಳ್ಳೆಯವನೇ. ಆದ್ರೆ ಅವನ ತಲೆ ಇದ್ದಿದ್ದು ರುಮಾಲು ಸುತ್ತೋಕೆ ಅಷ್ಟೇ.

ಮದುವೆ ಆಗಿ ಹೆಣ್ಣು ಕಳಿಸಿಕೊಡೋ ಹೊತ್ತು. ಆಚೆ ಊರಿನವರು ಸೀರೆಗೆ ಸೆರಗನ್ನ ಬೇರೆ ನೇಯ್ದು ಜೋಡಿಸ್ತಿದ್ರಂತೆ, ದ್ಯಾವೀರಿ ಧಾರೆ ಸೀರೆಗೆ ದಾಳಿಂಬೆ ಬಣ್ಣದ ಸೆರಗು. ಓಲಗದವರು ಊದ್ತಾವ್ರೆ, ಗಾಡಿ ಕಟ್ಟಿದೆ, ಹೊತ್ತಾಯ್ತು ಹೊತ್ತಾಯ್ತು ಅಂತ ಗಂಡಿನ ಕಡೆಯವರು ಕೂಗ್ತಾವ್ರೆ. ಈ ಹುಡುಗಿ ಮೂರು ದಿನದಿಂದ ನಿದ್ದೆ ಇಲ್ಲದೆ, ಅತ್ತು ಅತ್ತು ಕಣ್ಣು ಊದಿ, ನಿಂತಲ್ಲೇ ತೂಕಡಿಸ್ತಾವ್ಳೆ. ಅವ್ವ ಅವಳ ಮಡಿಲು ತುಂಬಿ, ಸೆರಗಿನ ತುದಿ ಹಿಡಿದು ಅದರಲ್ಲಿ ಒಂದು ಗಂಟು ಹಾಕಿ, ಅದನ್ನ ಬಾಯಿ ಹತ್ರ ಇಟ್ಟು ಒಂದು ಮಾತು ಹೇಳಿ, ಬಿಗಿದು, ಇದು ನೆನೆಗಂಟು ಕಣೇ, ನೆನೆ ಅಂತ ಹಾಕಿರೋ ಗಂಟು, ಮರೀಬೇಡ ಅಂದ್ಲಂತೆ. ಹೂಂ ಅವ್ವ ಅಂದ್ಲಂತೆ ದ್ಯಾವೀರಿ. ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಗಾಡಿ ಹತ್ತಿದ್ದೇ ನಿದ್ದೆ ಹೋದಳು, ಎದ್ದಾಗ ಹೊಳೆ ದಾಟಿಯಾಗಿತ್ತು, ಗಂಟು ಉಳಿದಿತ್ತು, ಮಾತು ಹೋಗಿತ್ತು.

ಗಾಣದ ಮನೆ ಹೊಸ್ತಿಲು ದಾಟಿ ಒಳಗೆ ಬಂದ್ಲೋ ಇಲ್ವೋ, ಅತ್ತೆ ಮಲ್ಲಾಜಮ್ಮನ ಕಣ್ಣು ಸೆರಗಿಗೆ ಬಿತ್ತಂತೆ. ಇದೇನೇ ಗಂಟು ಅಂದ್ಲು. ಅವ್ವ ಹಾಕಿದ್ದು ಅತ್ತೆ, ನೆನೆಗಂಟಂತೆ, ಮರೀಬಾರದು ಅಂತ. ಅಯ್ಯೋ ಎಷ್ಟು ಚೆನ್ನಾಗಿದೆ, ಹಂಗಾದ್ರೆ ನಂದೂ ಒಂದು ಹಾಕ್ಕೋ, ದಿನಾ ಸಾಯಂಕಾಲ ನನ್ನ ಮಂಡಿಗೆ ಹರಳೆಣ್ಣೆ ಉಜ್ಜಬೇಕು, ನಂಗೆ ಮರೆತುಹೋಗುತ್ತೆ ಅಂದ್ಲಂತೆ. ಹೊಸ ಸೊಸೆ, ಆಗಲ್ಲ ಅನ್ನೋಕಾಗುತ್ತಾ. ಹಾಕ್ಕೊಂಡ್ಲು. ಆಮೇಲೆ ದೊಡ್ಡ ಓರಗಿತ್ತಿ ಬಂದು, ಎತ್ತಿಗೆ ಲಾಳ ಕಟ್ಟಿಸಬೇಕು ಅಂತ ನಮ್ಮವರಿಗೆ ನೆನಪು ಮಾಡೇ, ಒಂದು ಗಂಟು ಹಾಕ್ಕೋ ಅಂದ್ಲು. ಆಮೇಲೆ ನಡುವಿನ ಓರಗಿತ್ತಿ ಬಂದು, ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕೋ ಹೊತ್ತಿಗೆ ನನ್ನ ಕೂಗು, ಒಂದು ಗಂಟು ಹಾಕ್ಕೋ ಅಂದ್ಲು. ಆಮೇಲೆ ಹಂಪಣ್ಣ ಬಂದ. ಅವನು ಏನು ನೆನಪಿಟ್ಕೊಳ್ಳಬೇಕು ಅನ್ನೋದೇ ಅವನಿಗೆ ನೆನಪಿರಲಿಲ್ಲ, ಏನೋ ಇತ್ತು ದ್ಯಾವೀರಿ, ನೀನೊಂದು ಗಂಟು ಹಾಕ್ಕೊಂಡಿರು, ಏನು ಅಂತ ಆಮೇಲೆ ಹೇಳ್ತೀನಿ ಅಂದನಂತೆ.

ಆ ಗಂಟಿನದು ಒಂದು ಕಟ್ಟಳೆ ಇತ್ತು ಮಗಾ, ಕೇಳ್ಕೋ. ಮಾತು ಗಂಟೊಳಗೆ ಹೋಯ್ತು ಅಂದ್ರೆ ಹೇಳಿದೋರ ತಲೆಯಿಂದ ಪೂರಾ ಹೋಯ್ತು, ಗಂಟು ಹೊತ್ತೋರಿಗೆ ಮಾತ್ರ ನೆನಪು. ಕೆಲಸ ಮುಗೀತು ಅಂದ್ರೆ ಗಂಟು ತಾನಾಗೇ ಸಡಿಲ ಆಗುತ್ತೆ. ಕೆಲಸ ಆಗದೆ ಬಲವಂತವಾಗಿ ಬಿಚ್ಚಿದ್ರೆ ಮಾತು ಪುರ್ ಅಂತ ಹಾರಿ ವಾಪಸ್ಸು ಹೇಳಿದೋರ ಹತ್ರಾನೇ ಹೋಗುತ್ತೆ. ಹಂಗಾಗಿ ಗಾಣದ ಮನೆಯವರ ತಲೆ ಎಲ್ಲ ಹಗುರ, ದ್ಯಾವೀರಿ ಸೆರಗು ಭಾರ. ಹಾಯಾಗಿ ಉಣ್ಣೋರು, ಹಾಯಾಗಿ ಗೊರಕೆ ಹೊಡೆಯೋರು, ಏನಾದ್ರೂ ಆಗದೆ ಹೋದ್ರೆ ಮಾತ್ರ, ದ್ಯಾವೀರಿ ನೆನಪು ಮಾಡಲಿಲ್ಲ ಅನ್ನೋರು.

ಒಂದು ಗಂಟು ಸಡಿಲ ಆಗೋದ್ರೊಳಗೆ ಎರಡು ಬೀಳೋವಂತೆ. ಮೊದಮೊದಲು ಮನೆಯವರದು, ಆಮೇಲೆ ಪಕ್ಕದ ಮನೆಯವರದು, ಆಮೇಲೆ ಎಣ್ಣೆಗೆ ಬಂದೋರದು. ಗಾಣದ ಮನೇಲಿ ನೆನಪಿಡೋ ಸೊಸೆ ಇದ್ದಾಳಂತೆ ಅಂತ ಸುದ್ದಿ ಹಬ್ಬಿ, ಎಳ್ಳು ತಂದೋರು ಎಳ್ಳಿನ ಜೊತೆ ಒಂದು ಮಾತೂ ಇಟ್ಟು ಹೋಗೋರು. ಸೀರೆ ಹರಿದರೂ ಸೆರಗು ಬಿಸಾಕೋ ಹಂಗಿಲ್ಲ, ಅದರ ತುಂಬ ಜನರ ಕೆಲಸ. ಹೊಸ ಸೀರೆಗೆ ಅದೇ ಸೆರಗನ್ನ ಬಿಚ್ಚಿ ಹೊಲ್ಕೊಳ್ಳೋಳು. ಒಗೆದು ಒಗೆದು ದಾಳಿಂಬೆ ಬಣ್ಣ ಹೋಗಿ, ಹಳೇ ಇಟ್ಟಿಗೆ ಪುಡಿ ಬಣ್ಣ ಆಯ್ತು. ತಲೆ ಮೇಲೆ ಹೊದ್ದುಕೊಂಡ್ರೆ ಕುತ್ತಿಗೆ ನೋವು, ಹೆಗಲಿಗೆ ಹಾಕ್ಕೊಂಡ್ರೆ ಬೆನ್ನಿಗೆ ಟಕ್ ಟಕ್ ಅಂತ ಬಡಿಯೋದು, ಮಲಗಿದ್ರೆ ಪಕ್ಕೆಗೆ ಚುಚ್ಚೋದು. ಅವಳಿಗೆ ಮಕ್ಕಳಾಗಿದ್ವಾ ಅಂತ ಕೇಳಬೇಡ, ಕತೇಲಿಲ್ಲ. ಇದ್ದಿದ್ರೆ ಅವುಗಳದೂ ಗಂಟು ಇರ್ತಿತ್ತು.

ಆದ್ರೂ ದಿನಾ ಮಲಗೋ ಮುಂಚೆ ಅವಳ ಬೆರಳು ಎಲ್ಲಾ ಗಂಟು ದಾಟ್ಕೊಂಡು ತುದೀಲಿರೋ ಅವ್ವನ ಗಂಟಿಗೆ ಹೋಗೋದಂತೆ. ಅದು ಕಲ್ಲಿನ ಥರ ಬಿಗಿದುಹೋಗಿತ್ತು. ಅವ್ವ ಏನು ಹೇಳಿದ್ಲು, ಏನು ಮಾಡು ಅಂದಿದ್ಲು. ಯಾರಿಗಾದ್ರೂ ಏನಾದ್ರೂ ತಲುಪಿಸು ಅಂದಿದ್ಲಾ. ಯಾವುದಾದ್ರೂ ದೇವರಿಗೆ ಹರಕೆ ತೀರಿಸು ಅಂದಿದ್ಲಾ. ಊರಿನವರ ಗಂಟೆಲ್ಲ ಬಿಚ್ಚೋಳು ನಾನು, ಹೆತ್ತವಳ ಒಂದು ಕೆಲಸ ಮಾಡಲಿಲ್ಲ ಅಂತ ಕೊರಗೋಳು. ಬಿಚ್ಚಿಬಿಡೋಣ ಅಂದ್ರೆ, ಅವ್ವನ ಮಾತನ್ನ ಅವ್ವನಿಗೇ ವಾಪಸ್ಸು ಎಸೆದಂಗೆ. ಅದಕ್ಕೂ ಮನಸ್ಸಿಲ್ಲ.

ತವರಿಗೆ ಹೋಗಿ ಕೇಳಬಹುದಿತ್ತಲ್ಲ ಅಂತೀಯ. ಹೋಗೋದು ಹೇಗೆ ಕೂಸೇ. ಆ ಕಾಲದಲ್ಲಿ ಹೆಣ್ಣುಮಗಳು ತವರಿಗೆ ಹೋಗಬೇಕು ಅಂದ್ರೆ ತವರಿಂದ ಯಾರಾದ್ರೂ ಕರೆಯೋಕೆ ಬರಬೇಕಿತ್ತು. ಗೌರಿ ಹಬ್ಬ ಬಂದ್ರೆ ಓರಗಿತ್ತಿಯರ ಅಣ್ಣತಮ್ಮಂದಿರು ಗಾಡಿ ಕಟ್ಕೊಂಡು ಬರೋರು, ಅವರು ಹೂವು ಮುಡ್ಕೊಂಡು ಹತ್ತೋರು. ದ್ಯಾವೀರಿಗೆ ಅಣ್ಣ ಇಲ್ಲ, ತಮ್ಮ ಇಲ್ಲ, ಅಪ್ಪ ಇಲ್ಲ. ಗಾಡಿ ತಿರುವಿನಾಚೆ ಹೋಗೋತನಕ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಅವರ ಪಾಲಿನ ಕೆಲಸಾನೂ ಮಾಡೋಳು. ನನ್ನ ಯಾರೂ ಕರೀಲಿಲ್ಲ ಅಂತ ಒಂದು ದಿನಾನೂ ಬಾಯಿಬಿಟ್ಟು ಹೇಳಿದವಳಲ್ಲ. ಹೂಂ ಅಂತಿದ್ದೀಯಾ? ಸರಿ.

ಹಿಂಗೇ ವರ್ಷಗಳು ಉರುಳಿದ್ವು. ಒಂದು ದಿನ ಬಳೆಗಾರ ಬಂದ. ದ್ಯಾವೀರಿ ಕೈ ಹಿಡಿದು ಬಳೆ ಏರಿಸ್ತಾ ಹೇಳ್ದನಂತೆ, ತಾಯೀ, ನಿಮ್ಮವ್ವ ಹಾಸಿಗೆ ಹಿಡಿದವ್ಳೆ, ಗಂಜಿ ಕುಡಿಸಿದ್ರೂ ಒಳಗೆ ಇಳಿಯಲ್ಲ, ಹೋದೋರನ್ನೆಲ್ಲ ಒಂದೇ ಮಾತು ಕೇಳ್ತಾಳೆ, ನನ್ನ ಮಗಳು ಗಂಟು ಬಿಚ್ಚಿದ್ಲಾ, ನನ್ನ ಮಗಳು ಗಂಟು ಬಿಚ್ಚಿದ್ಲಾ ಅಂತ. ದ್ಯಾವೀರಿ ಕೈ ಕಿತ್ಕೊಂಡ್ಲು, ಏರಿಸ್ತಿದ್ದ ಬಳೆ ಒಡೀತು. ಅವ್ವ ಪ್ರಾಣ ಹಿಡ್ಕೊಂಡಿರೋದೇ ಆ ಕೆಲಸಕ್ಕೆ, ಆ ಕೆಲಸ ಏನು ಅಂತಾನೇ ನಂಗೆ ಗೊತ್ತಿಲ್ಲ ಅಂದ್ಕೊಂಡ್ಲು.

ಅತ್ತೆ ಹತ್ರ ಹೋಗಿ, ಅವ್ವನಿಗೆ ಹುಷಾರಿಲ್ಲವಂತೆ, ಹೋಗಿಬರ್ತೀನಿ ಅಂದ್ಲು. ಯಾರು ಕರೆಯೋಕೆ ಬಂದವರೆ ಅಂದ್ಲು ಮಲ್ಲಾಜಮ್ಮ. ಬಳೆಗಾರ ಹೇಳ್ದ ಅತ್ತೆ. ಬಳೆಗಾರ ನಿನಗೇನು ಅಣ್ಣನಾ ತಮ್ಮನಾ, ಕರೆ ಇಲ್ಲದೆ ಹೋಗೋದು ಮಾನವಂತರ ಮನೆ ಹೆಣ್ಣಿನ ಲಕ್ಷಣ ಅಲ್ಲ, ಇರಲಿ, ಹೋಗೋದಾದ್ರೆ ಸೆರಗಿನ ಗಂಟೆಲ್ಲ ಮುಗಿಸಿ ಹೋಗು ಅಂದ್ಲಂತೆ. ಸರಿ ಅಂತ ದ್ಯಾವೀರಿ ಕೂತು ನಿಂತು ಓಡಾಡಿ ಗಂಟು ಮುಗಿಸೋಕೆ ಹತ್ತಿದಳು, ಹೆಜ್ಜೆ ಹೆಜ್ಜೆಗೂ ಹೊಸದು ಬಿತ್ತು. ಎರಡನೇ ಸಲ ಕೇಳಿದಳು, ಅದೇ ಉತ್ತರ. ಮೂರನೇ ಸಲ ಕೇಳೋಕೆ ಹೋದಾಗ ಅತ್ತೆ ತಲೆ ಎತ್ತದೆ, ಇಲ್ಲೇ ಬಂದ್ಯಲ್ಲ ಒಳ್ಳೇದಾಯ್ತು, ಒಂದು ಗಂಟು ಹಾಕ್ಕೋ ಅಂದ್ಲಂತೆ.

ದ್ಯಾವೀರಿ ಗಂಟು ಹಾಕ್ಕೊಂಡ್ಲು. ಹಾಕ್ಕೊಂಡು ಹಿತ್ತಲಿಗೆ ಹೋದ್ಲು. ಗಾಣದ ಎತ್ತು ಸುತ್ತಾ ಇತ್ತು, ಅದರ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಅದನ್ನ ನೋಡ್ತಾ ನಿಂತವಳಿಗೆ ಕಾಲು ಸೋತುಹೋಯ್ತು, ಕೈ ಸೋತುಹೋಯ್ತು, ಕೋಪಾನೂ ಬರಲಿಲ್ಲ, ಅಳುನೂ ಬರಲಿಲ್ಲ, ಬರೀ ಸುಸ್ತು. ಒಂದು ಕುಡಿಕೇಲಿ ಹರಳೆಣ್ಣೆ ತುಂಬ್ಕೊಂಡ್ಲು, ತವರಿಗೆ ಬರಿಗೈಲಿ ಹೋಗಬಾರದು ಅಂತ. ಹಿತ್ತಲ ಬಾಗಿಲು ತೆಗೆದು ನಡೆದೇಬಿಟ್ಲು.

ನಡೀತಾ ನಡೀತಾ ಒಂದು ಬಯಲು ಬಂತು. ಅಲ್ಲೊಬ್ಬ ಕುರಿ ಕಾಯೋನು. ಬೆನ್ನಿಗೆ ಬಡಿಯೋ ಸೆರಗು ನೋಡಿದ್ದೇ ಗುರುತು ಹಿಡಿದ. ಓ, ಗಾಣದ ಮನೆ ನೆನಪಿಡೋ ಸೊಸೆ ಅಲ್ವೇನವ್ವ ನೀನು, ಒಳ್ಳೇ ಹೊತ್ತಿಗೆ ಸಿಕ್ಕಿದೆ, ಕುಂಟು ಮರಿ ಕಾಲಿಗೆ ಸೊಪ್ಪು ಕಟ್ಟಬೇಕು, ನೀನು ವಾಪಸ್ಸು ಬರೋವಾಗ ನೆನಪು ಮಾಡು, ಒಂದು ಗಂಟು ಹಾಕ್ಕೋ ಅಂದನಂತೆ. ದ್ಯಾವೀರಿ ಬಾಯಿ ತೆರೆಯೋ ಮುಂಚೆ ಕೈ ತಾನಾಗೇ ಸೆರಗಿಗೆ ಹೋಯ್ತು. ಅಷ್ಟು ಅಭ್ಯಾಸ. ಇದ್ದ ಒಂದು ಬೆರಳು ಜಾಗದಲ್ಲಿ ಅವನ ಗಂಟು ಹಾಕ್ಕೊಂಡ್ಲು. ಕುಂಟು ಮರಿ ಅಲ್ಲೇ ಅವನ ಕಾಲ ಹತ್ರಾನೇ ನಿಂತಿತ್ತು, ಸೊಪ್ಪು ಪಕ್ಕದ ಬೇಲೀಲೇ ಇತ್ತು. ಅದು ಆಮೇಲೆ ಹೊಳೀತು ಅವಳಿಗೆ, ದೂರ ಹೋದ ಮೇಲೆ.

ಆಮೇಲೆ ಒಂದು ಹುಣಸೆ ಮರ ಬಂತು. ಅದರ ಕೆಳಗೆ ಮಜ್ಜಿಗೆ ಮಾರೋಳು ಗಡಿಗೆ ಇಳಿಸ್ಕೊಂಡು ಕೂತಿದ್ಲು. ಅವಳೂ ಗುರುತು ಹಿಡಿದ್ಲು. ನಮ್ಮ ಮನೇಲಿ ಹಾಲಿಗೆ ಹೆಪ್ಪು ಹಾಕೋದು ಮರೆತುಹೋಗುತ್ತೆ ತಂಗೀ, ಒಂದು ಗಂಟು ಹಾಕ್ಕೋ ಅಂದ್ಲು. ದ್ಯಾವೀರಿ ಸೆರಗು ತಡಕಿದ್ಲು, ಉಗುರು ಇಡೋಷ್ಟು ಜಾಗ ಇಲ್ಲ. ಜಾಗ ಇಲ್ಲ ಅಕ್ಕಾ ಅಂದ್ಲು. ಆ ತುದೀಲಿದೆಯಲ್ಲ, ಹಳೇದು, ಬಣ್ಣ ಹೋಗಿರೋದು, ಅದೇನು ಅಂದ್ಲು ಮಜ್ಜಿಗೆಯವಳು. ಅದು ಏನು ಅಂತ ನಂಗೇ ಗೊತ್ತಿಲ್ಲ ಅಕ್ಕಾ. ಗೊತ್ತಿಲ್ಲದ್ದನ್ನ ಹೊತ್ಕೊಂಡು ಏನು ಮಾಡ್ತೀಯ, ಬಿಚ್ಚಿ ಬಿಸಾಕು, ನಂದು ಹಾಕ್ಕೋ.

ಮಾತಿನಲ್ಲಿ ತಪ್ಪೇನೂ ಇರಲಿಲ್ಲ ನೋಡು. ದ್ಯಾವೀರಿ ಬೆರಳು ಅವ್ವನ ಗಂಟಿನ ಮೇಲೆ ಹೋಯ್ತು, ಉಗುರು ಊರಿದ್ಲು. ಊರಿದ್ದೇ ತಡ, ಕೈ ಹಿಂದಕ್ಕೆ ತೆಗೆದ್ಲಂತೆ. ಆಗಲ್ಲ ಅಂದ್ಲು. ಹುಟ್ಟಿದಾಗಿಂದ ಆ ಮಾತು ಆಡಿದವಳಲ್ಲ, ಆಡಿದ ಮೇಲೆ ತನಗೇ ಹೆದರಿಕೆ ಆಗಿ ಮರದ ಕಡೆ ನೋಡಿದಳಂತೆ, ಬೇರೆ ಯಾರಾದ್ರೂ ಅಂದ್ರಾ ಅಂತ. ಆಗಲ್ಲ ಅಕ್ಕಾ, ಇದು ನಮ್ಮವ್ವಂದು, ನಿನ್ನ ಹೆಪ್ಪಿಗೆ ನಿನ್ನ ಸೆರಗೇ ಇದೆಯಲ್ಲ, ಅದರಲ್ಲಿ ಹಾಕ್ಕೋ ಅಂದ್ಲು. ಮಜ್ಜಿಗೆಯವಳು ಕಣ್ಣು ಪಿಳಿಪಿಳಿ ಬಿಟ್ಕೊಂಡು ತನ್ನ ಸೆರಗು ನೋಡ್ಕೊಂಡ್ಲು. ಹೌದಲ್ಲಾ, ಇಷ್ಟು ದಿನ ಇದು ಹೊಳೀಲೇ ಇಲ್ವಲ್ಲ ಅಂತ ಬಿದ್ದು ಬಿದ್ದು ನಕ್ಕು, ತಾನೇ ಒಂದು ಗಂಟು ಹಾಕ್ಕೊಂಡು, ತಣ್ಣನೆ ಮಜ್ಜಿಗೆ ಬಗ್ಗಿಸಿ ಕುಡಿಸಿದ್ಲಂತೆ. ಹೀಗೆ ಯಾರಾದ್ರೂ ಕೈಗೆ ಏನಾದ್ರೂ ಕೊಟ್ಟು ಎಷ್ಟು ದಿನ ಆಗಿತ್ತೋ ಪಾಪ.

ಆಮೇಲೆ ಹೊಳೆ ಬಂತು. ದಡದಲ್ಲಿ ಅಂಬಿಗ, ಅವನ ಹರಿಗೋಲು. ದ್ಯಾವೀರಿ ಕಾಲಿಟ್ಟಿದ್ದೇ ಹರಿಗೋಲು ಒಂದು ಕಡೆಗೆ ವಾಲಿ ನೀರು ಒಳಗೆ ಬಂತಂತೆ. ಇಳಿ ಇಳಿ ಅಂದ ಅಂಬಿಗ. ತಾಯೀ, ನಿನ್ನೇನೋ ದಾಟಿಸ್ತೀನಿ, ನಿನ್ನ ಸೆರಗನ್ನ ದಾಟಿಸೋಕೆ ನನ್ನ ಕೈಲಾಗಲ್ಲ, ಅದಷ್ಟೂ ಯಾರ ಭಾರ. ಎಲ್ಲಾರದ್ದೂ ಅಣ್ಣಾ. ಹಂಗಾದ್ರೆ ಎಲ್ಲಾರೂ ಬಂದು ಹೊತ್ಕೊಳ್ಳಲಿ, ಇಲ್ಲಾ ನೀನಿಲ್ಲೇ ಕೂರು ಅಂದನಂತೆ.

ಆಚೆ ದಡದಲ್ಲಿ ಅವ್ವನ ಊರಿನ ಹೊಗೆ ಕಾಣ್ತಿದೆ. ಅವ್ವ ಇದ್ದಾಳೋ ಇಲ್ಲವೋ. ದ್ಯಾವೀರಿ ಮರಳಲ್ಲಿ ಕೂತು ಬಿಚ್ಚೋಕೆ ಶುರು ಮಾಡಿದ್ಲು. ಆಗದೆ ಇರೋ ಕೆಲಸದ ಗಂಟುಗಳು, ಸುಮ್ಮನೆ ಬಿಚ್ಕೊಳ್ತಾವಾ. ಉಗುರು ಕಿತ್ತುಬಂತು, ಹಲ್ಲು ಜುಮ್ಮಂತು. ಕೊನೆಗೆ ಅವ್ವನಿಗೆ ಅಂತ ತಂದಿದ್ದ ಹರಳೆಣ್ಣೆ ತೆಗೆದು ಒಂದೊಂದಕ್ಕೇ ಬಿಟ್ಟು ಬಿಟ್ಟು ಸಡಿಲ ಮಾಡಿದ್ಲು. ಗಂಟು ಬಿಚ್ಚಿದಂಗೆಲ್ಲ ಮಾತು ಗುಬ್ಬಿ ಥರ ಪುರ್ ಪುರ್ ಅಂತ ಎದ್ದು ಯಾರ್ಯಾರದೋ ಅವರವರ ಮನೆ ಕಡೆ ಹಾರಿದ್ವಂತೆ.

ಆಗ ಗಾಣದ ಮನೇಲಿ ನೋಡಬೇಕಿತ್ತು ಮಜಾನ! ಉಣ್ತಾ ಕೂತಿದ್ದ ಮಲ್ಲಾಜಮ್ಮ ಅಯ್ಯಯ್ಯೋ ನನ್ನ ಮಂಡಿ ಎಣ್ಣೆ ಅಂತ ಎದ್ದುನಿಂತ್ಲು. ದೊಡ್ಡ ಸೊಸೆ ತುತ್ತು ಬಿಟ್ಟು ಎತ್ತಿನ ಲಾಳ ಲಾಳ ಅಂತ ಗಂಡನನ್ನ ಕೂಗ್ತಾ ಹಿತ್ತಲಿಗೆ ಓಡಿದ್ಲು. ನಡುವಿನ ಸೊಸೆ ಹಾಲು ಹಾಲು ಅಂತ ಒಲೆಗೆ ಓಡಿದ್ಲು, ಆವತ್ತು ಬೆಳಿಗ್ಗೆ ಇಟ್ಟಿದ್ದು ಸೀದು ತಳ ಕರಿ ಆಗಿತ್ತು. ಬೀದಿ ತುಂಬ ಜನ ತಲೆ ಮೇಲೆ ಕೈ ಹೊತ್ಕೊಂಡು ಅಡ್ಡಾದಿಡ್ಡಿ ಓಡ್ತಾವ್ರೆ. ಬಯಲಲ್ಲಿ ಕುರಿ ಕಾಯೋನು ಕುಂಟು ಮರಿ ಕಾಲು ಹಿಡ್ಕೊಂಡು, ಸೊಪ್ಪು ಇಲ್ಲೇ ಇದೆಯಲ್ಲೋ ಅಂತ ತನ್ನನ್ನೇ ಬೈಕೊಳ್ತಾವ್ನೆ. ಹಂಪಣ್ಣ ಮಾತ್ರ ಕಂಬ ಒರಗಿ ಉಣ್ತಾ ಕೂತಿದ್ದ. ಆ ಮೊದಲ ದಿನ ಏನೋ ಇದೆ, ಆಮೇಲೆ ಹೇಳ್ತೀನಿ ಅಂದಿದ್ನಲ್ಲ, ಆ ಮಾತೂ ಹಾರಿ ಬಂದು ಅವನ ತಲೆ ಮೇಲೆ ಕೂತ್ಕೊಳ್ತು. ಅದು ಏನಂದ್ರೆ, ಹೊಸದಾಗಿ ಬಂದ ಹೆಂಡತಿ ಹೊತ್ತಿಗೆ ಸರಿಯಾಗಿ ಉಂಡ್ಲಾ ಅಂತ ಕೇಳಬೇಕು ಅಂತ ಇತ್ತಂತೆ. ಹಂಪಣ್ಣನ ಕೈಲಿದ್ದ ತುತ್ತು ಕೈಲೇ ಉಳೀತು.

ಇತ್ತ ಹೊಳೆ ದಡದಲ್ಲಿ ಸೆರಗು ಹಗುರ ಆಯ್ತು, ಗಾಳಿಗೆ ಹಾರೋಷ್ಟು. ತುದೀಲಿ ಒಂದೇ ಒಂದು ಗಂಟು ಉಳೀತು. ಅದೊಂದು ಯಾಕೆ ಬಿಟ್ಟೆ ಅಂದ ಅಂಬಿಗ. ಅದು ಅವ್ವಂದು. ಏನಂತೆ ಅದರಲ್ಲಿ. ಗೊತ್ತಿಲ್ಲಣ್ಣ ಅಂದವಳೇ ದ್ಯಾವೀರಿ ಅಷ್ಟು ವರ್ಷದ ಅಳುನೆಲ್ಲ ಒಟ್ಟಿಗೆ ಅತ್ಲಂತೆ. ಅಂಬಿಗ ಅವಳನ್ನ ಹತ್ತಿಸ್ಕೊಂಡು ಹುಟ್ಟು ಹಾಕ್ತಾ ಆಚೆ ದಡಕ್ಕೆ ಬಿಟ್ಟ. ಬಿಟ್ಟು ಮರೆತುಹೋಗದಿರಲಿ ಅಂತ ತನ್ನ ಟವಲಿನ ತುದೀಲಿ ತಾನೇ ಒಂದು ಗಂಟು ಹಾಕ್ಕೊಂಡನಂತೆ, ಹರಿಗೋಲಿನ ತೂತಿಗೆ ಚರ್ಮ ಹೊಲೀಬೇಕು ಅಂತ.

ಅವ್ವನ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆ ಮೇಲೆ ಅವ್ವ, ಒಂದು ಹಿಡಿ ಆಗಿಹೋಗಿದ್ಲು, ಕಣ್ಣು ಮಂಜು. ಯಾರು ಅಂದ್ಲು. ನಾನವ್ವ ಅಂದ್ಲು ದ್ಯಾವೀರಿ, ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು ಹೇಳಿದ್ಲಂತೆ. ಅವ್ವ, ಮೂರು ತಪ್ಪು ಮಾಡಿ ಬಂದಿದ್ದೀನಿ. ಯಾರೂ ಕರೀದೆ ಬಂದಿದ್ದೀನಿ. ನಿನಗೆ ಅಂತ ಹೊತ್ತು ತಂದ ಎಣ್ಣೆ ದಾರೀಲೇ ಖರ್ಚು ಮಾಡಿ ಬರಿಗೈಲಿ ಬಂದಿದ್ದೀನಿ. ನೀನು ಹೇಳಿದ ಕೆಲಸ ಮಾಡಲಿಲ್ಲ, ಅದು ಏನು ಅಂತಾನೂ ಮರೆತು ಬಂದಿದ್ದೀನಿ.

ಒಳಗೆ ಬಾ ಮೊದ್ಲು, ಬಾಗಿಲಲ್ಲಿ ನಿಂತು ಬಿಸಿಲು ತಡೀಬೇಡ, ನಂಗೆ ಚಳಿ ಅಂದ್ಲು ಅವ್ವ. ದ್ಯಾವೀರಿ ಒಳಗೆ ಹೋಗಿ ಪಕ್ಕದಲ್ಲಿ ಕೂತ್ಲು. ಅವ್ವ ಅವಳ ಮುಖ ಸವರಿ, ಎಷ್ಟು ಸೊರಗಿದ್ದೀಯೇ ಅಂದ್ಲು. ಆಮೇಲೆ ಅಂದ್ಲು, ನಂಗೂ ಮರೆತುಹೋಗಿದೆ ಮಗಳೇ. ಗಂಟು ಹಾಕಿದ್ದು ಗೊತ್ತು, ಏನು ಹೇಳಿದೆ ಅನ್ನೋದು ಅದರೊಳಗೇ ಹೋಯ್ತಲ್ಲ. ಮಲಗಿದ್ದಲ್ಲೇ ಅದೇ ಯೋಚನೆ ನಂಗೆ. ಪರರ ಮನೆ ಸೇರೋ ಕೂಸಿಗೆ ಯಾವ ಭಾರದ ಕೆಲಸ ಹೊರಿಸಿ ಕಳಿಸಿದ್ನೋ, ಅದನ್ನ ಮಾಡೋಕೆ ಹೋಗಿ ನನ್ನ ಮಗಳು ಎಲ್ಲಿ ಸವೀತಿದ್ದಾಳೋ, ಹಂಗೇನಾದ್ರೂ ಇದ್ರೆ ಬಿಚ್ಚಿ ಬಿಸಾಕು ಅನ್ನೋಣ ಅಂತ ಬಂದೋರನ್ನೆಲ್ಲ ಕೇಳ್ತಿದ್ದೆ, ಎಲ್ಲಿ ಸೆರಗು ಕೊಡು.

ದ್ಯಾವೀರಿ ಸೆರಗಿನ ತುದಿ ತೆಗೆದು ಅವ್ವನ ಕೈಗೆ ಕೊಟ್ಲು. ಬಿಚ್ಚೋಕೆ ಬರಲ್ಲವ್ವ, ಕಲ್ಲಾಗಿದೆ ಅಂದ್ಲು. ಅವ್ವನ ಬೆರಳು ಮುಟ್ಟಿತೋ ಇಲ್ವೋ, ಗಂಟು ತಾನಾಗೇ ಸಡಿಲ ಆಗಿ ಬಿಚ್ಕೊಳ್ತಂತೆ. ಕಲ್ಲಿನಂಥ ಗಂಟು! ಇಬ್ಬರೂ ಬೆರಗಾಗಿ ಬಗ್ಗಿ ನೋಡಿದ್ರು. ಸೆರಗೆಲ್ಲ ಇಟ್ಟಿಗೆ ಪುಡಿ ಬಣ್ಣ ಆಗಿದ್ರೂ, ಗಂಟಿನ ಒಳಗೆ ಮಡಿಕೇಲಿದ್ದ ಅಷ್ಟು ಜಾಗ ಮಾತ್ರ ಧಾರೆ ದಿನ ಹೇಗಿತ್ತೋ ಹಾಗೇ, ದಾಳಿಂಬೆ ಬಣ್ಣ. ಅವ್ವನ ಮಂಜುಗಣ್ಣಿಗೂ ಅದು ಕಾಣಿಸ್ತು. ಗಂಟೊಳಗಿದ್ದ ಮಾತು ಅವ್ವನ ತುಟಿಗೆ ಬಂತು.

ಅಯ್ಯೋ ದ್ಯಾವೀ, ಇದಾ ಅಂದ್ಲಂತೆ ಅವ್ವ. ಆವತ್ತು ಗಾಡಿ ಹೊರಡೋ ಹೊತ್ತು, ನಂಗೆ ಒಂದೇ ಸಂಕಟ. ಊರ ಹೆಣ್ಣುಮಕ್ಕಳನ್ನೆಲ್ಲ ಅಣ್ಣನೋ ತಮ್ಮನೋ ಹೋಗಿ ಕರ್ಕೊಂಡು ಬರ್ತಾರೆ, ನನ್ನ ಮಗಳನ್ನ ಕರೆಯೋಕೆ ಯಾರನ್ನ ಕಳಿಸಲಿ. ಅದಕ್ಕೆ ಆವತ್ತೇ ಕರೆದು, ಆ ಕರೆಯನ್ನ ಗಂಟು ಕಟ್ಟಿ ನಿನ್ನ ಹೆಗಲ ಮೇಲೆ ಹಾಕಿ ಕಳಿಸಿದ್ನಲ್ಲೇ. ದಣಿವಾದಾಗ ಬಾ, ಯಾರೂ ಕರೆಯೋಕೆ ಬರಲಿಲ್ಲ ಅನ್ನಬೇಡ, ಇದೇ ಕರೆ ಅಂದಿದ್ನಲ್ಲೇ.

ದ್ಯಾವೀರಿ ಬಿಚ್ಚಿದ ಸೆರಗನ್ನ ಬೆರಳಲ್ಲಿ ಸವರಿದ್ಲು. ಅಷ್ಟು ವರ್ಷ ಗೌರಿ ಹಬ್ಬಕ್ಕೆ ಬಾಗಿಲಲ್ಲಿ ನಿಂತು ಬೇರೆಯವರ ಗಾಡಿ ನೋಡಿದ್ಲಲ್ಲ, ಅಷ್ಟು ವರ್ಷಾನೂ ಅವ್ವನ ಕರೆ ಅವಳ ಬೆನ್ನಿಗೇ ಬಡೀತಾ ಇತ್ತು. ಗಂಟು ಅಂದ್ರೆ ಇನ್ನೊಬ್ಬರ ಚಾಕರಿ ಅಂತಾನೇ ತಿಳ್ಕೊಂಡವಳಿಗೆ ಅದು ಹೊಳೀಲೇ ಇಲ್ಲ. ಬಂದಿದ್ದೀನವ್ವ ಅಂದ್ಲು ಕೊನೆಗೆ, ದಣಿವಾಗಿ ಬಂದಿದ್ದೀನಿ. ಹೂಂ, ಅದಕ್ಕೇ ಗಂಟು ಸಡಿಲ ಆಗಿದ್ದು, ಮಲ್ಕೋ ಈಗ ಅಂದ್ಲು ಅವ್ವ. ದ್ಯಾವೀರಿ ಅವ್ವನ ತೊಡೆ ಮೇಲೆ ತಲೆ ಇಟ್ಲು. ಯಾರ ಹಾಲು ಉಕ್ಕಲಿ, ಯಾರ ಎತ್ತಿಗೆ ಲಾಳ ಬೀಳದೆ ಇರಲಿ, ಅವಳು ಎಂಥಾ ನಿದ್ದೆ ಹೋದಳು ಅಂದ್ರೆ ಕೋಳಿ ಕೂಗಿದ್ದೂ ಗೊತ್ತಾಗಲಿಲ್ಲ, ಮಾರನೇ ದಿನದ ಕೋಳಿ ಕೂಗಿದ್ದೂ ಗೊತ್ತಾಗಲಿಲ್ಲ. ಹಾಸಿಗೆ ಹಿಡಿದಿದ್ದ ಅವ್ವ, ಮಗಳು ಎದ್ರೆ ಹಸಿವು ಅಂತಾಳೆ ಅಂತ ಗೋಡೆ ಹಿಡ್ಕೊಂಡು ಎದ್ದು ಒಲೆ ಹಚ್ಚಿದ್ಲಂತೆ. ಹಚ್ಚಿದ ಮೇಲೆ ಇನ್ನೇನು ಮಲಗೋದು ಅಂತ ಮುದ್ದೆಗೆ ಎಸರೂ ಇಟ್ಲಂತೆ. ಅಲ್ಲಿಂದ ಗಂಜಿ ಬಿಟ್ಟು ಮುದ್ದೆ ಉಣ್ಣೋಕೆ ಶುರು ಮಾಡಿದವಳು ಬಹಳ ಕಾಲ ಇದ್ಲು.

ಆಮೇಲೆ ಹಂಪಣ್ಣ ಬಂದ ನೋಡು. ರುಮಾಲಿನ ತುದೀಲಿ ಗಂಟು, ಪಂಚೆ ತುದೀಲಿ ಗಂಟು, ಹೆಗಲ ವಲ್ಲೀಲಿ ಗಂಟು, ನೋಡಿ ದ್ಯಾವೀರಿಗೆ ನಗು ತಡೆಯೋಕಾಗಲಿಲ್ಲ. ಇದು ಎಲ್ಲಾರದ್ದಾ ಅಂದ್ಲು. ಅಲ್ಲ, ನಂದು ಮಾತ್ರ, ಈಗ ನಮ್ಮನೇಲಿ ಅವರವರದ್ದು ಅವರವರೇ ಹಾಕ್ಕೊಳ್ತಾರೆ, ನಮ್ಮವ್ವ ಮಂಡಿ ಎಣ್ಣೆ ಗಂಟು ತಾನೇ ಹಾಕ್ಕೊಂಡು ತಾನೇ ಉಜ್ಕೊಳ್ತಾಳೆ, ಬೈಕೊಂಡು ಬೈಕೊಂಡು ಅಂದ. ಆಮೇಲೆ ರುಮಾಲಿನ ಗಂಟು ಹಿಡಿದು ತಲೆ ತಗ್ಗಿಸಿ ಕೇಳಿದ, ಉಂಡ್ಯಾ ದ್ಯಾವೀರಿ ಅಂತ. ಕೇಳಿದ್ದೇ ಆ ಗಂಟು ಸಡಿಲ ಆಯ್ತು. ಅವಳೇನೂ ತಕ್ಷಣ ಎದ್ದು ಹೊರಡಲಿಲ್ಲ. ಇನ್ನೂ ದಣಿವಾರಿಲ್ಲ, ನೀನು ಹೋಗಿರು, ಬರ್ತೀನಿ ಅಂದ್ಲಂತೆ. ಅವನು ಕಾಯ್ತೀನಿ ಅಂತ ಜಗಲಿ ಮೇಲೆ ಕೂತ, ಅವ್ವ ಅವನಿಗೂ ಒಂದು ಮುದ್ದೆ ಹಾಕಿದ್ಲು. ಅವಳು ಹೊರಟ ದಿನ ಅವ್ವ ಅದೇ ದಾಳಿಂಬೆ ಬಣ್ಣದ ಜಾಗದಲ್ಲಿ ಮತ್ತೆ ಗಂಟು ಹಾಕಿದ್ಲು. ಈ ಸಲ ದ್ಯಾವೀರಿ ತೂಕಡಿಸದೆ ಕೇಳಿಸ್ಕೊಂಡ್ಲು.

ಅಲ್ಲಿಂದ ಆಚೆ ಹೊಳೆ ಎರಡೂ ಕಡೆ ಅದೇ ರೂಢಿ ಆಯ್ತಂತೆ. ಕುರಿಯವನು ಕಂಬಳೀಲಿ, ಮಜ್ಜಿಗೆಯವಳು ಸೆರಗಲ್ಲಿ, ಅಂಬಿಗ ಟವಲಲ್ಲಿ, ಅವರವರ ನೆನಪಿಗೆ ಅವರವರ ಬಟ್ಟೇಲಿ ನೆನೆಗಂಟು. ಹೆಣ್ಣುಮಗಳನ್ನ ಕಳಿಸೋ ಅವ್ವಂದಿರು ಮಾತ್ರ ಮಗಳ ಸೆರಗಲ್ಲಿ ಹಾಕೋರು. ಆಮೇಲೆ ಬಟ್ಟೆ ಹೋಗಿ ಚೀಟಿ ಬಂತು, ಚೀಟಿ ಹೋಗಿ ನಿಮ್ಮಪ್ಪನ ಫೋನು ಬಂತು, ಮಾತು ಒಂದು ಉಳ್ಕೊಳ್ತು.

ಎಲ್ಲಿ ಹೂಂ? ಹೂಂ ಇಲ್ಲ. ನಿದ್ದೆ ಹೋಯ್ತು ನನ್ನ ಕೂಸು, ಗಾಡಿ ಹತ್ತಿದ ದ್ಯಾವೀರಿ ಥರ, ಮುಖ್ಯವಾದ ಮಾತು ಬಾಯಿಗೆ ಬರೋ ಹೊತ್ತಿಗೆ ಸರಿಯಾಗಿ. ಇರಲಿ, ನಂಗೂ ಕಣ್ಣು ಎಳೀತಿದೆ. ನಿನ್ನ ಲಂಗದ ತುದೀಲಿ ಒಂದು ಗಂಟು ಹಾಕ್ತಿದ್ದೀನಿ ನೋಡು, ಸಣ್ಣದು. ಬೆಳಿಗ್ಗೆ ಎದ್ದು ಏನಿದು ಅಂತ ಕೇಳ್ತೀಯ, ನಂಗೆ ನೆನಪಿರಲ್ಲ. ದೊಡ್ಡವಳಾಗಿ ಎಲ್ಲೆಲ್ಲಿಗೋ ಹೋಗಿ ಒಂದಿನ ಕೈಕಾಲು ಸೋತು ಕೂತಾಗ ನಿಂಗೇ ಗೊತ್ತಾಗುತ್ತೆ. ಕತೆ ಹೊಳೆ ದಾಟಿ ಮನೆ ಸೇರ್ತು, ಇಲ್ಲಿಗೆ ಮುಗೀತು.